ಆಂಪ್ಲಿಫೈಯರಿನೊಳಗಿನ ಹೂವು

ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡುವವನಿಗೆ ದೊಡ್ಡ ಪಾರ್ಟ್ ಹೇಗೋ ಸಿಗುತ್ತದೆ, ಸ್ಕ್ರೂ ಸಿಗುವುದಿಲ್ಲ. ಮುಲುಂಡ್‌ನ ಗಿರಾಕಿಯೊಬ್ಬರ ಜಪಾನಿ ಸೆಟ್ಟಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಬೇಕಿತ್ತು. ಅಂಗಡಿಯಲ್ಲಿ ಸಿಕ್ಕ ಯಾವುದೂ ಆ ತೂತಿಗೆ ಕೂರಲಿಲ್ಲ. ಕೊನೆಗೆ ಪರಿಚಯದವರೊಬ್ಬರು, ದಹಿಸರ್‌ನ ಒಬ್ಬ ಶೆಟ್ರ ಮನೆಯಲ್ಲಿ ಅಂಥದೇ ಸೆಟ್ ಸುಮ್ಮನೆ ಕೂತಿದೆ ಎಂದರು. ಫೋನ್ ಮಾಡಿ ಹೋದೆ.

"ಬನ್ನಿ ಮಾರಾಯ್ರೆ, ಬೇಕಾದ್ದು ಬಿಚ್ಚಿಕೊಳ್ಳಿ," ಎಂದರು ಶೆಟ್ರು. "ಹಾಡು ಕೇಳುವವಳೇ ಹೋದಳು. ಇನ್ನು ಇದು ನನಗೆ ಎಂತಕ್ಕೆ?"

ಹೆಂಡತಿ ತೀರಿಕೊಂಡು ತಿಂಗಳಾಗಿತ್ತಂತೆ.

ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಒಳಗೆ ಧೂಳಿನ ಜೊತೆ ಒಣಗಿದ ಸೇವಂತಿಗೆ ಎಸಳುಗಳು ತುಂಬಿದ್ದವು. ಮೇಲೆ ಗೋಡೆಯಲ್ಲಿದ್ದ ದೇವರ ಫೋಟೋಗೆ ಆಕೆ ಏರಿಸುತ್ತಿದ್ದ ಹೂವು ಉದುರಿ, ಗಾಳಿಯಾಡಲೆಂದು ಮುಚ್ಚಳದಲ್ಲಿ ಬಿಟ್ಟ ಸಂದುಗಳಿಂದ ಒಳಗಿಳಿದಿತ್ತು. ಗುಡಿಸೋಣವೆಂದು ನಾನು ಬ್ರಶ್ ಹೊರತೆಗೆದೆ. ಶೆಟ್ರು ನನ್ನ ಕೈ ಹಿಡಿದರು.

"ಬೇಡ. ಹಾಗೇ ಮುಚ್ಚಿಬಿಡಿ." ಸ್ವಲ್ಪ ಹೊತ್ತು ಒಳಗೇ ನೋಡುತ್ತಿದ್ದರು. "ಸೆಟ್ ಹಾಳಾಗ್ತದೆ, ಅಲ್ಲಿ ಹೂ ಇಡಬೇಡ ಅಂತ ದಿನಾ ಜಗಳ ಮಾಡ್ತಿದ್ದೆ. ಹಾಳಾಗಲಿಲ್ಲ ನೋಡಿ."

ಒಂದೊಂದೇ ಸ್ಕ್ರೂವನ್ನು ಮತ್ತೆ ಅದರ ಜಾಗಕ್ಕೆ ಬಿಗಿದೆ. ಅವರು ಚಾ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ಹೇಳಲು ಮನಸ್ಸಾಗದೆ ಹಾಗೇ ಕುಡಿದು ಎದ್ದೆ.

ಗಿರಾಕಿಗೆ ಸ್ಕ್ರೂ ಸಿಗಲಿಲ್ಲ ಎಂದುಬಿಟ್ಟೆ. ಅವರೀಗ ಮುಚ್ಚಳಕ್ಕೆ ಟೇಪ್ ಅಂಟಿಸಿ ಹಾಡು ಕೇಳುತ್ತಾರೆ. ನಾಲ್ಕು ಸ್ಕ್ರೂ ಹುಡುಕಲಾಗದವನೂ ಒಬ್ಬ ಮೆಕ್ಯಾನಿಕ್ಕಾ ಎಂದು ಕಂಡವರಲ್ಲೆಲ್ಲ ಹೇಳುತ್ತಾರೆ.