ಕಾಕಾ ನಂಬಿದ ಗುರುತು

ಮೊಣಕಾಲಿನ ಆಪರೇಷನ್ನಿಗೆ ಬೆನ್ನಿಗೆ ಸೂಜಿ ಚುಚ್ಚುವ ಮೊದಲು ನರ್ಸು ಸ್ಪಿರಿಟ್ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವಾಡಿಯಲ್ಲಿ ನಮ್ಮ ಮಗ್ಗುಲ ಮನೆಯಲ್ಲಿದ್ದ ಕಾಕಾ ನೆನಪಾದರು...

ಕಾಕಾ ಹೈದರಾಬಾದಿನ ಒಂದು ಪ್ರಯೋಗಶಾಲೆಯಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದರು. ಸೋಮವಾರ ಹೋದರೆ ಶನಿವಾರ ಬರುವುದು, ಅಂಗಿಗೆ ಇದೇ ವಾಸನೆ. ಅಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಗೆ ಬೇಕೆಂದೇ ಉರಿಯೂತ ತರಿಸಿ, ಬೆನ್ನುಹುರಿಯ ಪಕ್ಕ ಸಣ್ಣ ನಳಿಗೆ ಕೂರಿಸಿ, ನೋವು ಇಳಿಸುವ ಮದ್ದು ಬಿಟ್ಟು ನೋಡುತ್ತಿದ್ದರಂತೆ. ಮೂಕಪ್ರಾಣಿಯ ನೋವು ಹೋದದ್ದು ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೆ.

"ನೋವಿದ್ರ ಬೆನ್ನ ಬಗ್ಗಿಸಿ ಮೂಲ್ಯಾಗ ಕುಂದರ್ತಾವ. ಮದ್ದ ಹತ್ತಿತಂದ್ರ ಮಾರಿ ತಿಕ್ಕೋತಾವ, ಮೈ ಒಪ್ಪ ಮಾಡ್ಕೋತಾವ. ಅದ ಗುರುತು ನೋಡವ್ವ."

ಆ ಗುರುತು ಹಿಡಿಯುವುದರಲ್ಲಿ ತಮ್ಮ ಕಣ್ಣು ತಪ್ಪುವುದಿಲ್ಲ ಎಂಬ ಹೆಮ್ಮೆ ಅವರಿಗೆ. ನನಗೋ ಆ ಇಲಿಗಳನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ ಅವರ ಹೆಂಡತಿ ಕಾಕುವಿಗೆ ಹೊಟ್ಟೆನೋವು ಬಂತು. ಮಂಡಿ ಎದೆಗೆ ಒತ್ತಿಕೊಂಡು ಮೂಲೆಯಲ್ಲಿ ಬಿದ್ದಿದ್ದಳು. ಇದು ಮೇದೋಜೀರಕದ್ದೇ ಇರಬೇಕು, ನಾಳೆ ಬೆಳಿಗ್ಗೆಯೇ ಕಲಬುರ್ಗಿಗೆ ಒಯ್ಯಿರಿ ಎಂದರು ಊರಿನ ಡಾಕ್ಟರು.

"ಆ ಮದ್ದ ಮನಿಷಾರಿಗಿ ಇನ್ನಾ ಬಂದಿಲ್ಲವ್ವ," ಎಂದು ಕಾಕಾ ನನ್ನೆದುರೇ ಅತ್ತರು.

ಸೋಮವಾರ ಬೆಳಿಗ್ಗೆ ನಾನು ಹೋದಾಗ ಕಾಕು ಎದ್ದು ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ಎಣ್ಣೆ ಹಚ್ಚಿ ಹೆರಳು ಹಾಕಿ, ಹಣೆಗೆ ವಿಭೂತಿ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತು ನೋಡಿದ ಕಾಕಾನ ಮುಖ ಅರಳಿತು. ನನ್ನನ್ನು ಹೊರಗೆ ಕರೆದು, "ನೋವು ಇಳದದ. ಇವತ್ತ ಇಲಿಗೋಳಿಗಿ ಮದ್ದ ಬಿಡೋ ದಿನ, ಹೋಗಲೇಬೇಕು. ಸ್ವಲ್ಪ ನೋಡ್ಕೋವ್ವ," ಎಂದು ಹೈದರಾಬಾದಿನ ರೈಲಿಗೆ ಓಡಿದರು. ನಾನೂ ನಂಬಿದೆ.

ಒಳಗೆ ಹೋದರೆ ಕಾಕು ಗೋಡೆ ಹಿಡಿದು ನಿಂತಿದ್ದಳು.

"ಇವ್ರು ಟಾಂಗಾ ತರಾಕ ಹೋದ್ರೇನವ್ವ? ತಲಿ ಕೆದರ್ಕೊಂಡು ದವಾಖಾನಿಗಿ ಹ್ಯಾಂಗ ಹೋಗ್ಲಿ ಅಂತ ಹೆಳಲ ಹಾಕ್ಕೊಂಡೀನಿ."

ನಾನೂ ನನ್ನ ಗಂಡನೂ ಕಲಬುರ್ಗಿ ಕಡೆಗೆ ಸಿಕ್ಕ ರೈಲಿಗೆ ಅವಳನ್ನು ಹತ್ತಿಸಿದೆವು. ಅದು ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಶಹಾಬಾದ ದಾಟುವಾಗ ನನ್ನ ತೊಡೆಯ ಮೇಲೆಯೇ ಅವಳ ಜೀವ ಹೋಯಿತು. ಹೆರಳು ಒಂದೆಳೆಯೂ ಕೆದರಿರಲಿಲ್ಲ...

ಕಾಕಾ ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಹೇಳುತ್ತಿದ್ದರು. "ಇಲಿಗಿ ಬಾಯಿಲ್ಲ. ಇಕಿಗಿ ಇತ್ತಲ್ಲವ್ವ, ನಾ ಕೇಳಲಿಲ್ಲ." ನಾನೂ ಕೇಳಿರಲಿಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ಬರುವ ಮೊದಲೇ ಅವರೂ ಹೋದರು.

ಕಾಕುವಿನ ಕಾಲಕ್ಕೆ ಒದಗದ ಅಂಥ ಮದ್ದು ಮೊನ್ನೆ ಅರಿವಳಿಕೆಯ ಜೊತೆ ನನ್ನ ಬೆನ್ನಿಗೆ ಒದಗಿತು. ಮರುದಿನ ಅದರ ಜೋರು ಇಳಿದು ಕಾಲು ಸಿಡಿಯುತ್ತಿತ್ತು. ನೋಡಲು ಬರುವವರಿದ್ದಾರೆಂದು ತಲೆ ಬಾಚಿಕೊಳ್ಳುತ್ತಿದ್ದೆ. ಸೊಸೆ ಬಾಗಿಲಿಂದ ಇಣುಕಿ, "ಅತ್ತಿಯವರಿಗಿ ಆರಾಮ ಆಗೇದ," ಎಂದು ನರ್ಸಿಗೆ ಹೇಳಿ ಹೊರಟಳು.

ಬಾಚಣಿಗೆ ಕೆಳಗಿಟ್ಟು ಅವಳನ್ನು ಕೂಗಿ ಕರೆದೆ.

"ಇಲ್ಲವ್ವ. ನೋವು ಭಾಳ ಅದ."