‘ಸರಿ ಐತ್ರಿ’ ಎಂದ ಬಾಯಿ

ಪ್ರಶ್ನೆಪತ್ರಿಕೆ ಹೊರಬಿದ್ದದ್ದು ನಿಮ್ಮಿಂದಲ್ಲ, ಶಾಂತಾ ಅವರೇ — ನನ್ನಿಂದ. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾದವು. ಬರೆದ ಮೇಲೂ ಹಗುರಾಗಲಿಲ್ಲ, ಬಾಯೆಲ್ಲ ಹೊಲಸಾದಂತಿದೆ.

ಜಮಖಂಡಿಯ ನಮ್ಮ ಕಾಲೇಜಿನಲ್ಲಿ ನಾನು ಸಿ ಎಂಬ ಕಂಪ್ಯೂಟರ್ ಭಾಷೆಯ ಪಾಠ ಹೇಳುತ್ತಿದ್ದೆ. ನೀವು ಚಿಮ್ಮಡದಿಂದ ಬಸ್ಸಿಗೆ ಬಂದು ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಿರಿ. ಲಿನಕ್ಸ್ ಸರ್ವರಿನಲ್ಲಿ ವಿದ್ಯಾರ್ಥಿಗಳದೊಂದು ಗುಂಪು, ಪರೀಕ್ಷೆ ನಡೆಸುವವರದೊಂದು ಗುಂಪು ಮಾಡಿಟ್ಟವರು ನೀವು. ಪರೀಕ್ಷೆಯ ಗುಂಪಿನವರಿಗೆ ಮಾತ್ರ ಪ್ರಶ್ನೆಪತ್ರಿಕೆ ತೆರೆಯುವ ಪ್ರೋಗ್ರಾಮ್ ಬರೆದವನು ನಾನು.

ಗೆಟ್‌ಜಿಆರ್‌ಜಿಐಡಿ ಎಂಬ ಫಂಕ್ಷನ್‌ಗೆ ಗುಂಪಿನ ಸಂಖ್ಯೆ ಕೊಟ್ಟರೆ ಅದರ ವಿವರ ಸಿಗುತ್ತದೆ. ಆದರೆ ಅದು ಪ್ರತಿ ಸಲವೂ ಒಂದೇ ಜಾಗದಲ್ಲಿ ಬರೆದು, ಆ ಜಾಗವನ್ನಷ್ಟೇ ತೋರಿಸುತ್ತದೆ. ಎರಡನೇ ಸಲ ಕೇಳಿದರೆ ಮೊದಲಿನದು ಅಳಿಯುತ್ತದೆ. ಕ್ಲಾಸಿನಲ್ಲಿ ನಾನೇ ಹೇಳುತ್ತಿದ್ದೆ: “ಇದರ ಕಡೆ ಪಾಟಿ ಒಂದ ಐತಿ. ಒರಸೂಕಿಂತ ಮೊದಲ ಬರಕೋರಿ.” ಹಾಗೆ ಹೇಳಿದವನೇ ನನ್ನ ಪ್ರೋಗ್ರಾಮಿನಲ್ಲಿ ಬರೆದುಕೊಳ್ಳದೆ, ಮೊದಲು ಪರೀಕ್ಷೆಯ ಗುಂಪನ್ನು ಕೇಳಿದೆ, ಆಮೇಲೆ ತೆರೆಯಲು ಬಂದವನ ಗುಂಪನ್ನು ಕೇಳಿದೆ, ಎರಡೂ ಒಂದೇನಾ ಎಂದು ನೋಡಿದೆ. ಒಂದೇ ಪಾಟಿ — ಒಂದೇ ಅಲ್ಲದೆ ಇನ್ನೇನಾದೀತು! ಯಾರು ಬಂದರೂ ಪ್ರೋಗ್ರಾಮಿಗೆ ಪರೀಕ್ಷೆಯವರೇ ಆದರು.

ಪತ್ರಿಕೆ ಹುಡುಗರ ಮೊಬೈಲುಗಳಲ್ಲಿ ಓಡಾಡಿತು. ಪ್ರಾಚಾರ್ಯರು ನಮ್ಮಿಬ್ಬರನ್ನೂ ವಿಚಾರಣೆಗೆ ಕರೆದರು. ಹೋಗುವ ಮೊದಲು ನಾನು ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಒಳಹೊಕ್ಕು ನೋಡಿದೆ — ಪತ್ರಿಕೆ ತೆರೆಯಿತು. ಮೊದಲ ಗುಂಪಿನ ಹೆಸರನ್ನು ಬೇರೆ ಕಡೆ ನಕಲು ಮಾಡಿಡುವ ಒಂದು ಸಾಲು ಸೇರಿಸಿದೆ. ಮುಖ ತೊಳೆದುಕೊಂಡು ಹೋಗಿ ಅವರೆದುರು ಕೂತೆ.

“ನಿಮ್ಮ ಪ್ರೋಗ್ರಾಮ್ ಸರಿ ಐತೇನ್ರಿ?” ಎಂದರು ಪ್ರಾಚಾರ್ಯರು.

“ಸರಿ ಐತ್ರಿ,” ಎಂದೆ.

ಐತಿ! ಸುಳ್ಳಲ್ಲ ನೋಡಿ — ಆ ಹೊತ್ತಿಗೆ ಸರಿಯಾಗಿತ್ತಲ್ಲ. ಆ ಜಾಣತನ ನೆನೆದರೆ ಹೇಸಿಗೆಯಾಗುತ್ತದೆ. ಪ್ರೋಗ್ರಾಮ್ ಸರಿ ಇದ್ದ ಮೇಲೆ, ಯಾವನೋ ವಿದ್ಯಾರ್ಥಿಯನ್ನು ಪರೀಕ್ಷೆಯ ಗುಂಪಿಗೆ ಸೇರಿಸಿದವರು ನೀವೇ ಎಂದಾಯಿತು. “ಖರೇನ ಹೇಳ್ತೇನ್ರಿ ಸರ, ನಾ ಯಾರನ್ನೂ ಸೇರಿಸಿಲ್ರಿ,” ಎಂದು ನೀವು ನನ್ನ ಮುಖ ನೋಡಿದಿರಿ. ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದೆ. ನಿಮ್ಮ ಕೆಲಸ ಹೋಯಿತು.

ಅಷ್ಟಕ್ಕೇ ನಿಂತೆನೇ? ಮುಂದಿನ ವರ್ಷ ಅದೇ ತಪ್ಪನ್ನು ಬೋರ್ಡಿನ ಮೇಲೆ ಬರೆದು, “ಯಾವನೋ ಶ್ಯಾಣ್ಯಾ ಹಿಂಗ ಬರದಿದ್ದ ನೋಡ್ರಿ,” ಎಂದೆ. ಹುಡುಗರು ನಕ್ಕರು, ನಾನೂ ನಕ್ಕೆ. ಥೂ — ಆ ನಗು ನನ್ನದೇ ಆಗಿತ್ತೆಂದು ಒಪ್ಪಿಕೊಳ್ಳಲೂ ಅಸಹ್ಯ.

ಮೊನ್ನೆ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ನೀವು ಎದುರಾದಿರಿ. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. “ಆರಾಮ ಅದೀರೇನ್ರಿ ಸರ?” ಎಂದು ಕೇಳಿ, ಜೊತೆಗಿದ್ದ ಮಗಳಿಗೆ ಹೇಳಿದಿರಿ: “ನಮಸ್ಕಾರ ಮಾಡವಾ. ಎಲ್ಲಾರೂ ನನಗ ಕಳ್ಳಿ ಅಂದಾಗ, ಏನೂ ಅನ್ನಲಾರದವರು ಇವರೊಬ್ರ.”

ಹೌದು. ಏನೂ ಅನ್ನಲಿಲ್ಲ, ನಾನು. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು — ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಇದನ್ನು ನಿಮಗೆ ಕಳಿಸಿ, ನಾಳೆ ಪ್ರಾಚಾರ್ಯರಲ್ಲಿಗೆ ಹೋಗುತ್ತೇನೆ. ‘ಪತ್ರಿಕೆ ಹೊರಬಿದ್ದಾಗ ಪ್ರೋಗ್ರಾಮ್ ಸರಿ ಇರಲಿಲ್ರಿ, ವಿಚಾರಣೆಗೆ ಬರೂಕಿಂತ ಮೊದಲ ತಿದ್ದಿದ್ದೆ’ ಎನ್ನುತ್ತೇನೆ. ಅದರಿಂದ ನಿಮ್ಮದೇನೂ ಮರಳಿ ಬಾರದೆಂದು ಗೊತ್ತು, ಕ್ಷಮೆಯನ್ನೂ ಕೇಳುವುದಿಲ್ಲ. ನಿಮ್ಮ ಮಗಳಿಗೆ ಮಾತ್ರ ತಿಳಿಸಿ — ಅವಳು ಮುಟ್ಟಿದ್ದು ಯಾರ ಕಾಲು ಎಂದು.