ಜಾತಕದ ಕಂಪ್ಯೂಟರ್ ಚುರುಕಾದ ಬೇಸಿಗೆ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಜಹೀರಾಬಾದಿನ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಅಣ್ಣ ಹೈದರಾಬಾದಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. ಆ ಕೆಲಸ ಬಿಟ್ಟು ಮನೆಗೆ ಬರುವಾಗ, ಅಲ್ಲಿ ಹಳತಾಯಿತೆಂದು ತೆಗೆದುಹಾಕಿದ್ದನ್ನು ಕೇಳಿಕೊಂಡು ತಂದ. ಪರದೆಯ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಬಾಣಂತಿಯನ್ನು ಮಗುಸಹಿತ ಕರೆತಂದವರಿಗೂ ಅಷ್ಟು ಜಂಬ ಇರುವುದಿಲ್ಲ. ಓಣಿಯ ಜನ ಸಾಲುಗಟ್ಟಿ ಬಂದು ನೋಡಿ ಹೋದರು. ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಹೋದಾಗ ಅಣ್ಣ ಕೈ ಹಿಡಿದು ತಡೆದ. ಹೊಸ ವಸ್ತುವಿಗೆ ಕುಂಕುಮ ಹಚ್ಚಗೊಡದಿದ್ದುದು ಅವ್ವನಿಗೆ ಸರಿ ಕಾಣಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಒಳಗೆ ಹೋದಳು.

ಕಂಪ್ಯೂಟರ್ ತಂದದ್ದು ಅಪ್ಪನ ಕೆಲಸಕ್ಕೆ. ಅಪ್ಪ ಜಾತಕ ನೋಡುತ್ತಿದ್ದರು. ನಾರಾಯಣಖೇಡದ ಕಡೆಯಿಂದ ಬಂದು ಬೀದರ್ ರಸ್ತೆಯ ಹತ್ತಿರ ಮನೆ ಮಾಡಿದ ಅಯ್ಯನವರು ಎಂದರೆ ಅತ್ತ ಮನೂರಿನಿಂದ ಇತ್ತ ತಾಂಡೂರಿನವರೆಗೆ ಜನರಿಗೆ ಗುರುತಿತ್ತು. ಬಂದವರು ಕನ್ನಡದಲ್ಲಿ ಬಾಯಿ ತೆರೆಯಲಿ, ತೆಲುಗಿನಲ್ಲಿ ತೆರೆಯಲಿ, ದಖನಿಯಲ್ಲಿ ತೆರೆಯಲಿ, ಅಪ್ಪ ಅದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಆದರೆ ಆ ಹೊತ್ತಿಗೆ ಊರೂರಲ್ಲಿ ಕಂಪ್ಯೂಟರ್ ಜಾತಕದ ಹುಚ್ಚು ಹತ್ತಿತ್ತು. ಪಂಚಾಂಗ ನೋಡಿ ಬೆರಳು ಮಡಚಿ ಹೇಳಿದರೆ ಅನುಮಾನ ಪಡುವ ಜನ, ಯಂತ್ರದ ಕಾಗದ ಕಂಡರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಬಂದ ಯಂತ್ರ ಮಹಾ ಸೋಮಾರಿ. ಜಾತಕದ ಲೆಕ್ಕವೆಲ್ಲ ಫ್ಲಾಪಿಯಲ್ಲಿತ್ತು. ಒಂದೊಂದು ಗ್ರಹಕ್ಕೂ ಅದು ಫ್ಲಾಪಿಯನ್ನು ಕರಕರ ಕೆರೆದು, ನಿಂತು, ಯೋಚಿಸಿ, ಮತ್ತೆ ಕೆರೆಯಬೇಕು. ಗಂಡು ಹೆಣ್ಣಿನ ಜಾತಕ ಎರಡನ್ನೂ ಕೂಡಿಸಿ ನೋಡುವಷ್ಟರಲ್ಲಿ ಬಂದವರು ಚಹಾ ಕುಡಿದು, ಎಲೆ ಅಡಿಕೆ ಹಾಕಿ, ಒಂದು ಸಣ್ಣ ನಿದ್ದೆಯನ್ನೂ ತೆಗೆಯಬಹುದಿತ್ತು. ಅಣ್ಣನಿಗೆ ನಾಚಿಕೆಯಾಗುತ್ತಿತ್ತು. ಅಪ್ಪನಿಗೆ ಇಲ್ಲವೇ ಇಲ್ಲ.

ಅಪ್ಪನ ನಿಜವಾದ ಕೆಲಸ ನಡೆಯುತ್ತಿದ್ದುದೇ ಆ ಹೊತ್ತಿನಲ್ಲಿ. ಇದು ಅವ್ವನಿಗೂ ನನಗೂ ಗೊತ್ತಿತ್ತು, ಅಣ್ಣನಿಗೆ ಗೊತ್ತಿರಲಿಲ್ಲ. ಅಪ್ಪ ಗೋಡೆಗೆ ಒರಗಿ ಕುಳಿತು ಮಳೆಯ ಮಾತು, ತೊಗರಿಯ ಮಾತು, ನೆಂಟರ ಮಾತು ತೆಗೆಯುತ್ತಿದ್ದರು. ಹುಡುಗ ಸಂಜೆ ಎಲ್ಲಿರುತ್ತಾನೆ, ಹುಡುಗಿಗೆ ಮೂರ್ಛೆ ಗೀರ್ಛೆ ಇದೆಯೋ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಎಲ್ಲ ತಾನಾಗಿ ಹೊರಬರುತ್ತಿತ್ತು. ಕಾಯುತ್ತ ಕುಳಿತ ಮನುಷ್ಯ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಾನು? ಕೇಳಬಾರದ್ದನ್ನು ಕೇಳಿದ ದಿನ ಅಪ್ಪ ಕಾಗದ ನೋಡಿ ತಲೆ ಆಡಿಸಿ, ಗ್ರಹ ಕೂಡುವುದಿಲ್ಲ ಎಂದುಬಿಡುತ್ತಿದ್ದರು. ಗ್ರಹಗಳ ಮೇಲೆ ಹಾಕಿದರೆ ಯಾರಿಗೂ ಮುಖಭಂಗವಿಲ್ಲ. ಹೀಗೆ ತಪ್ಪಿಹೋದ ಮದುವೆಗಳು ನನಗೆ ಗೊತ್ತಿದ್ದವೇ ಹಲವು.

ಆ ಬೇಸಿಗೆಯಲ್ಲಿ ನನಗೊಂದು ಸಂಬಂಧ ಬಂತು. ಗಂಡು ತಾಂಡೂರಿನವನು, ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರ. ಅವನಿಗಿದು ಎರಡನೇ ಸಂಬಂಧ. ಮೊದಲನೆಯವಳು ಅಡುಗೆ ಮನೆಯಲ್ಲಿ ಸ್ಟವ್ ಹತ್ತಿಕೊಂಡು ತೀರಿಕೊಂಡಳು ಎಂದು ಸಂಬಂಧ ತಂದ ದಲ್ಲಾಳಿ ಹೇಳಿದ. ಆ ಊರಲ್ಲಿ ನೀರಿಗೆ ತುಸು ತೊಂದರೆ ಎನ್ನುವಷ್ಟು ಹಗುರವಾಗಿ, ಹೋಗುತ್ತ ಬಾಗಿಲಲ್ಲಿ ನಿಂತು ಹೇಳಿದ. ಅವರಿಗೆ ಕೊಡುವುದು ತರುವುದು ಏನೂ ಬೇಡವಂತೆ, ಹುಡುಗಿ ಕೆಲಸದಲ್ಲಿ ಚುರುಕಿದ್ದರೆ ಸಾಕಂತೆ. ನನಗೆ ವಯಸ್ಸು ಮೀರುತ್ತಿದೆ ಎಂದು ನೆಂಟರೆಲ್ಲ ಪಿಸುಗುಟ್ಟಲು ಶುರುಮಾಡಿದ್ದರು. ಅವ್ವ ನಸೀಬು ಎಂದು ನಿಟ್ಟುಸಿರು ಬಿಟ್ಟಳು. ನನಗೆ ಹೆದರಿಕೆಯಾಯಿತು. ರೊಟ್ಟಿ ಬೇಯಿಸುವಾಗ ಒಲೆಯ ಉರಿ ತುಸು ಮೇಲೆದ್ದರೂ ಹಿಂದೆ ಸರಿಯುತ್ತಿದ್ದೆ.

ಅದೇ ಬೇಸಿಗೆಯಲ್ಲಿ ಅಣ್ಣ ಯಂತ್ರದ ಮೆಮೊರಿ ಹೆಚ್ಚಿಸಲು ಕುಳಿತ. ಹೈದರಾಬಾದಿನಿಂದ ಒಂದು ಡಬ್ಬಿಯಲ್ಲಿ ಕರಿಯ ಚಿಪ್‌ಗಳನ್ನು ತಂದ. ಜರಿಹುಳದ ಹಾಗೆ ಎರಡೂ ಬದಿ ಕಾಲು. ಯಂತ್ರದ ಹೊಟ್ಟೆ ಬಿಚ್ಚಿ ಒಂದೊಂದನ್ನೇ ಒತ್ತಿ ಕೂರಿಸಿದ. ಇನ್ನು ಕುದುರೆಯ ಓಟ ನೋಡು ಎಂದು ಸ್ವಿಚ್ ಹಾಕಿದರೆ ಅದು ಮೊದಲಿಗಿಂತ ತಡವಾಗಿ ಎದ್ದಿತು! ಎದ್ದ ಕೂಡಲೇ ತನ್ನ ಮೆಮೊರಿಯನ್ನೆಲ್ಲ ಎಣಿಸಿ ನೋಡುವುದು ಅದರ ಚಾಳಿ. ಈಗ ಎಣಿಸುವುದು ಹೆಚ್ಚಾಗಿತ್ತು, ಅಷ್ಟೇ. ಜಾತಕ ಹಾಕಿದರೆ ಮತ್ತೆ ಅದೇ ಕರಕರ. ನಾನು ನಕ್ಕೆ. ಕುದುರೆಗೆ ಹೊಟ್ಟೆ ಭಾರವಾಗಿರಬೇಕು ಎಂದೆ. ಅಣ್ಣ ಮಾತು ಬಿಟ್ಟ. ನಿಜ ಹೇಳಬೇಕೆಂದರೆ ಒಳಗೊಳಗೆ ನನಗೆ ಸಮಾಧಾನವಾಗಿತ್ತು. ಈ ಯಂತ್ರ ಹೀಗೇ ಕುಂಟುತ್ತಿದ್ದರೆ ತಾಂಡೂರಿನವರು ಬಂದ ದಿನ ಅಪ್ಪನಿಗೆ ಮಾತಾಡಲು ಹೊತ್ತು ಸಿಗುತ್ತದೆ. ಹೆಣ್ಣಿನ ಅಪ್ಪ ಎದುರೆದುರೇ, ನಿಮ್ಮ ಸೊಸೆ ಹೇಗೆ ಸತ್ತಳು ಎಂದು ಕೇಳುವ ಹಾಗಿಲ್ಲ. ಕಾಯುವಾಗ ಮಾತಿಗೆ ಮಾತು ಸೇರಿಸಿ ಕೇಳಬಹುದು.

ಆದರೆ ಅಣ್ಣ ಬಿಡುವವನಲ್ಲ. ಮತ್ತೆ ಹೈದರಾಬಾದಿಗೆ ಹೋಗಿ ಯಾರನ್ನೋ ಕೇಳಿ ಬಂದ. ಮೆಮೊರಿ ಹಾಕಿದರೆ ಸಾಲದಂತೆ, ಅದಕ್ಕೆ ಕೆಲಸ ಹಚ್ಚಬೇಕಂತೆ. ಹಚ್ಚುವವರೆಗೆ ಅದು ಸುಮ್ಮನೆ ಕೂತಿರುತ್ತದಂತೆ. ಶುರುವಿನ ಆಜ್ಞೆಗಳಲ್ಲಿ ಒಂದೆರಡು ಸಾಲು ಸೇರಿಸಿ, ಹೊಸ ಮೆಮೊರಿಯಲ್ಲಿ ಒಂದು ಪಾಲನ್ನು ಫ್ಲಾಪಿಯ ಹಾಗೆ ನಟಿಸಲು ಬಿಟ್ಟ. ಮುಂಜಾನೆ ಯಂತ್ರ ಎದ್ದ ಮೇಲೆ ಜಾತಕದ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿಬಿಡುವುದು, ಆಮೇಲೆ ನಿಜವಾದ ಫ್ಲಾಪಿಯ ಗೊಡವೆಯೇ ಇಲ್ಲ. ತುಂಬುವುದಕ್ಕೆ ಹೊತ್ತು ಹಿಡಿಯಿತು. ತುಂಬಿದ ಮೇಲೆ ಅಣ್ಣ ಒಂದು ಗುಂಡಿ ಒತ್ತಿದ. ಕರಕರ ಇಲ್ಲ, ಸದ್ದೇ ಇಲ್ಲ. ಗ್ರಹಗಳೆಲ್ಲ ಒಮ್ಮೆಲೇ ಪರದೆಯ ಮೇಲೆ ಬಂದು ನಿಂತವು. ಆ ನಿಶ್ಶಬ್ದ ನನಗೆ ಹಿಡಿಸಲಿಲ್ಲ. ಕರೆಂಟ್ ಹೋದರೆ ತುಂಬಿದ್ದೆಲ್ಲ ಹೋಗುತ್ತದೆ, ಅದೊಂದೇ ಕೊರತೆ ಎಂದ ಅಣ್ಣ. ಅಪ್ಪ ಒಳ್ಳೆಯದಾಯಿತು ಎಂದರು. ಅವರ ಮುಖದಲ್ಲಿ ಒಳ್ಳೆಯದೇನೂ ಕಾಣಲಿಲ್ಲ.

ತಾಂಡೂರಿನವರು ಬೆಳಗಿನ ಬಸ್ಸಿಗೇ ಹೊರಟು ಬಿಸಿಲೇರುವ ಹೊತ್ತಿಗೆ ಬಂದರು. ಗಂಡಿನ ತಾಯಿ, ಆಕೆಯ ತಮ್ಮ. ಗಂಡು ಬಂದಿರಲಿಲ್ಲ, ಮೊದಲು ಜಾತಕ ಕೂಡಲಿ ಎಂದಿದ್ದರು. ತಾಯಿ ನೋಡಲು ಲಕ್ಷಣವಂತೆ, ಮೆಲ್ಲಗಿನ ಮಾತು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಅಂಗೈಯನ್ನು ತಿರುವಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕೆಲಸದ ಕೈ ಹೌದೋ ಅಲ್ಲವೋ ನೋಡಿದ್ದು ಅದು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ನೆನಪಾಗಿ ಕೈ ಎಳೆದುಕೊಂಡು ಒಳಗೆ ಬಂದೆ.

ಹೊರಗೆ ಅಣ್ಣ ಗಂಡಿನದೂ ನನ್ನದೂ ಹುಟ್ಟಿದ ವೇಳೆಗಳನ್ನು ಯಂತ್ರಕ್ಕೆ ತುಂಬುತ್ತಿದ್ದ. ಅಪ್ಪ ಗೋಡೆಗೆ ಒರಗಿ ಮಳೆಯ ಮಾತು ತೆಗೆಯುವುದಕ್ಕೂ, ಲೆಕ್ಕ ಆಯಿತು, ಇನ್ನು ಪ್ರಿಂಟ್ ಹೊಡೆಯುವುದೊಂದೇ ಎಂದು ಅಣ್ಣ ಕೂಗುವುದಕ್ಕೂ ಸರಿಹೋಯಿತು. ಒಲೆಯ ಮೇಲೆ ಚಹಾ ಇನ್ನೂ ಕುದಿ ಬಂದಿರಲಿಲ್ಲ. ಎಷ್ಟು ಜಲ್ದಿ ಆಯಿತಲ್ಲ ಎಂದು ಗಂಡಿನ ಸೋದರಮಾವ ಮೆಚ್ಚಿಕೊಂಡ. ಮಧ್ಯಾಹ್ನದ ಬಸ್ಸೇ ಸಿಗುತ್ತದೆ ಎಂದ.

ಕರೆಂಟಿನ ಮೇನ್ ಇದ್ದುದು ನಡುಮನೆಯ ಬಾಗಿಲ ಹಿಂದಿನ ಗೋಡೆಯಲ್ಲಿ. ನಾನು ಹೆಚ್ಚು ಯೋಚಿಸಲಿಲ್ಲ. ಹಿಡಿಕೆಯನ್ನು ಕೆಳಗೆ ಎಳೆದೆ. ಹೊರಗೆ ಫ್ಯಾನ್ ನಿಂತಿತು, ಪರದೆ ಕಪ್ಪಾಯಿತು, ಅಣ್ಣ ಹಣೆ ಚಚ್ಚಿಕೊಂಡ. ಅವ್ವ ಒಲೆಯ ಮುಂದಿನಿಂದ ನನ್ನನ್ನು ನೋಡಿದಳು. ಚಹಾಕ್ಕೆ ಇನ್ನೊಂದು ಚೊಂಬು ನೀರು ಸುರಿದಳು.

ಆಗಲೇ ನನಗೆ ಎದುರು ಮನೆಯ ಹಿಟ್ಟಿನ ಗಿರಣಿಯ ಸದ್ದು ಕೇಳಿಸಿದ್ದು. ಅದು ದಡದಡ ನಡೆಯುತ್ತಲೇ ಇತ್ತು. ಕಿವಿ ಇದ್ದವರಿಗೆ ಯಾರಿಗಾದರೂ ತಿಳಿಯುವ ಮಾತು, ಓಣಿಯಲ್ಲಿ ಕರೆಂಟ್ ಇದೆ. ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ತಲೆ ಎತ್ತಿ ಗಿರಣಿಯ ಕಡೆ ಕಿವಿಗೊಟ್ಟರು. ಆಮೇಲೆ ಬಾಗಿಲ ಕಡೆ ನೋಡಿದರು. ಅಪ್ಪ ಬೀಸಣಿಗೆ ತೆಗೆದು ಗಂಡಿನ ತಾಯಿಯ ಕೈಗೆ ಕೊಟ್ಟು, ನಮ್ಮ ಕಡೆ ಕರೆಂಟಿನ ಹಣೆಬರಹವೇ ಇಷ್ಟು, ಆರಾಮಾಗಿ ಕೂಡಿರಿ ಎಂದರು.

ತುಸು ಹೊತ್ತು ಬಿಟ್ಟು ಮೇನ್ ಹಾಕಿದೆ. ಯಂತ್ರ ಮತ್ತೆ ಮೆಮೊರಿ ಎಣಿಸತೊಡಗಿತು. ಅಣ್ಣ ಗೊಣಗುತ್ತ ಫ್ಲಾಪಿಯಿಂದ ಎಲ್ಲವನ್ನೂ ಮತ್ತೆ ತುಂಬಲು ಕುಳಿತ. ಅಪ್ಪ ತಾಂಡೂರಿನ ಬಿಸಿಲಿನ ಮಾತಾಡಿದರು, ಕಲ್ಲಿನ ಮಾತಾಡಿದರು, ನೆಂಟರಿಷ್ಟರ ಮಾತಿಗೆ ಬಂದರು. ಮೊದಲನೆಯ ಸೊಸೆ ಯಾವ ಊರಿನವಳು ಎಂದು ಕೇಳಿದ್ದು ಎಲೆಗೆ ಸುಣ್ಣ ಹಚ್ಚುತ್ತ.

"ಯಾಲಾಲ್ ಕಡೀಯಾಕಿರಿ. ಮಂದಿ ಒಳ್ಳೇರು. ಹುಡುಗಿ ಮಾತ್ರ ಭಾಳ ಮಂದ. ಒಂದು ಹೊತ್ತಿನ ರೊಟ್ಟಿ ಮಾಡಾಕ ಮುಂಜಾನಿ ಪೂರಾ ಬೇಕು," ಎಂದಳು ಆ ತಾಯಿ.

ಆಕೆಯ ತಮ್ಮ ಕೆಮ್ಮಿದ. ಆಕೆಗೆ ಅದು ಕೇಳಿಸಲಿಲ್ಲ. ಬಿಸಿಲಿಗೆ ಬೀಸಣಿಗೆ ಆಡಿಸುತ್ತ, ಯಾರೋ ಕೇಳಿದರಲ್ಲ ಎಂಬ ಸಮಾಧಾನದಲ್ಲಿ ಹೇಳುತ್ತ ಹೋದಳು.

"ಬಾಯಿಲೆ ಹೇಳಿ ನೋಡಿದೆವ್ರಿ. ಉಪಾಸ ಕೆಡವಿ ನೋಡಿದೆವು. ನನ್ನ ಮಗ ಕೈಲೆನೂ ಹೇಳಿ ನೋಡಿದ. ಏನ್ ಮಾಡಿದ್ರೂ ಚುರುಕ ಆಗಲಿಲ್ಲ. ಆಮ್ಯಾಲ ಸ್ಟವ್ ಹತ್ತಿಕೊಂತು."

ಅಪ್ಪನ ಕೈಯಲ್ಲಿ ಎಲೆ ಹಾಗೇ ಇತ್ತು. "ಆವಾಗ ಮನ್ಯಾಗ ಯಾರಿದ್ರಿ?" ಎಂದು ಕೇಳಿದರು.

"ಎಲ್ಲಾರೂ ಇದ್ದೆವ್ರಿ," ಎಂದಳು.

ಗಿರಣಿ ನಡೆಯುತ್ತಲೇ ಇತ್ತು. ಅಣ್ಣ ಕೀಲಿಮಣೆಯ ಮೇಲಿಂದ ಕೈ ತೆಗೆದ. ಅಷ್ಟು ದಿನ ಹರಟೆ ಎಂದುಕೊಂಡಿದ್ದು ಏನೆಂದು ಅವನಿಗೆ ಅವತ್ತು ತಿಳಿಯಿತು. ಅಪ್ಪ ಅವನಿಗೆ ಯಂತ್ರ ಆರಿಸಲು ಹೇಳಿ, ಬಂದವರ ಕಡೆ ತಿರುಗಿ ಗ್ರಹ ಕೂಡುವುದಿಲ್ಲ ಎಂದರು.

"ಕಾಗದ ಇನ್ನಾ ಬಂದಿಲ್ಲಲ್ರಿ ಅಯ್ಯನೋರೆ," ಎಂದ ಗಂಡಿನ ಸೋದರಮಾವ.

"ನನಗ ಬಂದದರಿ," ಎಂದರು ಅಪ್ಪ.

ಅವರು ಹೋದರು. ಮೇನಿನ ಮಾತನ್ನು ಅಪ್ಪ ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಶುರುವಿನ ಆಜ್ಞೆಗಳಲ್ಲಿ ತಾನು ಸೇರಿಸಿದ್ದ ಸಾಲುಗಳನ್ನು ಅಣ್ಣ ತಾನಾಗಿಯೇ ತೆಗೆದುಹಾಕಿದ. ಮನೆಯಲ್ಲಿ ಮತ್ತೆ ಕರಕರ ಶುರುವಾಯಿತು. ನಾನು ಉಳಿದುಕೊಂಡೆ ಎಂದು ಒಂದೆರಡು ವಾರ ಹಗುರವಾಗಿ ಓಡಾಡಿದೆ.

ಒಂದು ಬೆಳಿಗ್ಗೆ ದಲ್ಲಾಳಿ ಮತ್ತೆ ಬಂದ. ತಾಂಡೂರಿನವರಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತಂತೆ, ದೌಲತಾಬಾದಿನ ಹತ್ತಿರ. ಅವರು ಜಾತಕ ಕೂಡಿಸಿದ ಕಡೆ ಯಂತ್ರ ಭಾರಿ ಚುರುಕಂತೆ, ಕೂತು ಏಳುವುದರೊಳಗೆ ಕಾಗದ ಕೈಗೆ ಬಂತಂತೆ. ಹುಡುಗಿ ಹೇಗಿದ್ದಾಳೆ ಎಂದು ಅವ್ವ ಕೇಳಿದಳು.

"ಸಣ್ಣಾಕಿ ಅದಾಳ. ಕಲೀತಾಳ ಬಿಡ್ರಿ," ಎಂದ ಅವನು.

ಅಪ್ಪ ಎದ್ದರು. ಹುಡುಗಿಯ ತಂದೆಯ ಊರು ಯಾವುದೆಂದು ಕೇಳಿಕೊಂಡು, ಅಂಗಿ ಹಾಕಿ, ಮುಂದೆ ಕುಳಿತಿದ್ದ ಜನರನ್ನೂ ಬಿಟ್ಟು ಬಸ್ ನಿಲ್ದಾಣಕ್ಕೆ ಹೋದರು. ಬೇರೆಯವರ ಮನೆಯ ಸಂಬಂಧ ತಪ್ಪಿಸಲು ಅವರು ಹಾಗೆ ಎದ್ದು ಹೋದದ್ದನ್ನು ನಾನು ಮತ್ತೆ ಕಂಡಿಲ್ಲ. ತಿರುಗಿ ಬಂದಾಗ ದೀಪ ಹಚ್ಚಿದ್ದೆವು. ಅವ್ವ ಕಾಲಿಗೆ ನೀರು ಕೊಟ್ಟಳು. ಅಪ್ಪ ಚೊಂಬು ಹಿಡಿದು ನಿಂತರು, ನೀರು ಹಾಕಿಕೊಳ್ಳಲಿಲ್ಲ.

"ನಾ ಹೋಗೂದ್ರಾಗ ಅಕ್ಕಿಕಾಳ ಬಿದ್ದು ಲಗ್ನ ಮುಗದಿತ್ತು. ಹುಡುಗೀನ ಕಳಿಸೂ ಕೊಟ್ಟಾರ," ಎಂದರು.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಆ ಹುಡುಗಿಯೂ ಈ ಹೊತ್ತಿಗೆ ಹೀಗೇ ಕುಳಿತಿರುತ್ತಾಳೆ ಎನಿಸಿ ಕೈ ನಿಂತುಬಿಟ್ಟಿತು. ಅಂದು ಅಡುಗೆ ಬಹಳ ತಡವಾಯಿತು. ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.